ಸೆಲ್ಫ್ ಹೋಯ್ತು ಅನ್ನುವ ಮುಂಚೆ



ಹಿಂದೆ ಸಂಘದಲ್ಲಿ ಸಾಲ ಎಂದರೆ ಹಸು, ಕುರಿ, ಹೊಲಿಗೆ ಯಂತ್ರ, ಇಷ್ಟೇ ಇತ್ತು. ಈಗ ಆ ಪಟ್ಟಿಗೆ ಗಾಡಿಯೂ ಸೇರಿದೆ. ಗುಬ್ಬಿ ಕಡೆಯ ತೆಂಗಿನಕಾಯಿ, ಕುಣಿಗಲ್ ಕಡೆಯ ತರಕಾರಿ ತುಮಕೂರಿಗೆ ಬರುವುದು ಇಂಥ ಸಣ್ಣ ಗಾಡಿಗಳಲ್ಲೇ. ನಮ್ಮ ರಾಜ್ಯದ ಎಷ್ಟೋ ಗ್ರಾಮ ಪಂಚಾಯಿತಿಗಳಲ್ಲಿ ಕಸ ಸಂಗ್ರಹಿಸುವ ‘ಸ್ವಚ್ಛ ವಾಹಿನಿ’ಯನ್ನು ಓಡಿಸುತ್ತಿರುವವರೂ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ. ಟಾಟಾ ಏಸ್ ಬಂದದ್ದು 2005ರಲ್ಲಿ, ಮಾರುತಿ ಓಮ್ನಿ ತಯಾರಿಕೆ ನಿಂತದ್ದು 2019ರಲ್ಲಿ. ಸೆಕೆಂಡ್ ಹ್ಯಾಂಡ್ ಕೊಂಡವರ ಕೈಗೆ ಬರುವುದು ಸಾಮಾನ್ಯವಾಗಿ ವಯಸ್ಸಾದ ಗಾಡಿಯೇ.

ಒಬ್ಬ ಸದಸ್ಯೆ ಬೆಳಗಿನ ಜಾವ ಅಂತರಸನಹಳ್ಳಿ ಮಾರುಕಟ್ಟೆಗೆ ಹೊರಟಿದ್ದಾಳೆ ಎಂದುಕೊಳ್ಳೋಣ. ಲೋಡ್ ಆಗಿದೆ. ಕೀ ತಿರುಗಿಸಿದರೆ ‘ಟಿಕ್’ ಅಂತ ಒಂದು ಸದ್ದು, ಅಷ್ಟೇ. ಅಕ್ಕಪಕ್ಕದವರು ಬಂದು “ಸೆಲ್ಫ್ ಹೋಗಿದೆ, ಹೊಸದು ಹಾಕಿಸಬೇಕು” ಅಂತಾರೆ. ಆ ವಾರ ಸಂಘದಿಂದ ತುರ್ತು ಸಾಲ. ಹೊಸ ಸೆಲ್ಫ್ ಹಾಕಿದ ಎರಡೇ ದಿನಕ್ಕೆ ಮತ್ತೆ ಅದೇ ‘ಟಿಕ್’. ಕೊನೆಗೆ ನೋಡಿದರೆ ಬ್ಯಾಟರಿಯ ಕೇಬಲ್ ಸಡಿಲ! ಸಾಲದ ಕಾಗದಕ್ಕೆ ಸಹಿ ನಮ್ಮದು, ಗ್ಯಾರೇಜಿನಲ್ಲಿ ಮಾತು ಮಾತ್ರ ಬೇರೆಯವರದ್ದು. ಹೀಗಾಗಬಾರದು. ಗಾಡಿ ಸ್ಟಾರ್ಟ್ ಆಗದಿದ್ದರೆ ತಪ್ಪು ಸೆಲ್ಫ್‌ನದ್ದೇ ಆಗಿರಬೇಕಿಲ್ಲ. ಎಲ್ಲಿದೆ ಎಂದು ಪತ್ತೆ ಮಾಡುವ ಅರ್ಧ ಕೆಲಸವನ್ನು ನಾವೇ ಮಾಡಬಹುದು.

ಸೆಲ್ಫ್ ಎಂದರೇನು?

ಸೆಲ್ಫ್ ಮೋಟಾರ್ ಅಥವಾ ಸ್ಟಾರ್ಟರ್ ಮೋಟಾರ್ ಎಂದರೆ ಇಂಜಿನ್ನನ್ನು ಮೊದಲ ಬಾರಿಗೆ ತಿರುಗಿಸಿ ಎಬ್ಬಿಸುವ ಒಂದು ಸಣ್ಣ, ಬಲವಾದ ಮೋಟಾರ್. ಇದು ಬರುವ ಮೊದಲು ಕಾರು, ಲಾರಿಗಳ ಮುಂದೆ ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸಬೇಕಿತ್ತು. ಹ್ಯಾಂಡಲ್ ಹಿಂದಕ್ಕೆ ಹೊಡೆದು ಕೈಮೂಳೆ ಮುರಿದುಕೊಂಡವರು ಬಹಳ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಮತ್ತು ಅವರ ಸಂಗಡಿಗರು ತಯಾರಿಸಿದ ವಿದ್ಯುತ್ ಸೆಲ್ಫ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ತೋಳ್ಬಲ ಇದ್ದವರೇ ಗಾಡಿ ಓಡಿಸಬೇಕು ಎಂಬುದು ಅಲ್ಲಿಂದ ತಪ್ಪುತ್ತಾ ಬಂತು. ಹೆಂಗಸರಿಗೆ ಇದರಿಂದ ಆದ ಅನುಕೂಲ ಸಣ್ಣದಲ್ಲ.

ಕೀ ತಿರುಗಿಸಿದಾಗ ಮೊದಲು ಸೊಲೆನಾಯ್ಡ್ ಎಂಬ ಸ್ವಿಚ್ ಕೆಲಸ ಮಾಡುತ್ತದೆ. ಅದು ಮೋಟಾರಿನ ಹಲ್ಲಿನ ಚಕ್ರವನ್ನು ಮುಂದಕ್ಕೆ ತಳ್ಳಿ ಇಂಜಿನ್ನಿನ ಫ್ಲೈವೀಲ್ ಹಲ್ಲಿಗೆ ಕೂಡಿಸುತ್ತದೆ. ಜೊತೆಗೇ ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಬಿಡುತ್ತದೆ. ಆ ಹಲ್ಲಿನ ಚಕ್ರದ ಭಾಗಕ್ಕೆ ಮೆಕ್ಯಾನಿಕ್‌ಗಳು ಬೆಂಡಿಕ್ಸ್ ಅಂತಾರೆ. ಹೆಡ್‌ಲೈಟಿನ ಒಂದು ಬಲ್ಬಿಗೆ ಸುಮಾರು 5 ಆಂಪಿಯರ್ ಕರೆಂಟ್ ಸಾಕು. ಸಣ್ಣ ಗಾಡಿಯ ಸೆಲ್ಫ್‌ಗೆ 100 ಆಂಪಿಯರ್‌ಗಿಂತಲೂ ಹೆಚ್ಚು ಬೇಕಾಗಬಹುದು. ಹಾಗಾಗಿಯೇ ಲೈಟ್ ಉರಿಯುತ್ತೆ, ಹಾರ್ನ್ ಕೂಗುತ್ತೆ, ಗಾಡಿ ಮಾತ್ರ ಏಳಲ್ಲ.

ಇದು ನಮಗೆ ಹೊಸದೇನಲ್ಲ. ತೋಟದಲ್ಲಿ ವೋಲ್ಟೇಜ್ ಇಲ್ಲದಾಗ ಮನೆಯ ಬಲ್ಬ್ ಮಂಕಾಗಿಯಾದರೂ ಉರಿಯುತ್ತದೆ, ಬೋರ್‌ವೆಲ್ ಮೋಟಾರ್ ಮಾತ್ರ ನೀರೆತ್ತುವುದಿಲ್ಲ. ಆಗ ನಾವು ಮೋಟಾರ್ ಮೇಲೆತ್ತಿಸುತ್ತೇವೆಯೇ? ಇಲ್ಲ, ಮೊದಲು ಕರೆಂಟ್ ನೋಡುತ್ತೇವೆ. ಗಾಡಿಗೂ ಅದೇ ನ್ಯಾಯ.

ಮೊದಲು ಸದ್ದು ಕೇಳಿ

ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಕೀ ತಿರುಗಿಸಿ ಕಿವಿಗೊಟ್ಟು ಕೇಳಿ.

1. ‘ಟಕಟಕಟಕ’ ಎಂದು ಬೇಗಬೇಗ ಬಡಿದರೆ: ಹೆಚ್ಚಾಗಿ ಬ್ಯಾಟರಿ ಡೌನ್, ಇಲ್ಲವೇ ಟರ್ಮಿನಲ್ ಸಡಿಲ.

2. ‘ಟಕ್’ ಎಂದು ಒಂದೇ ಸದ್ದು ಬಂದು ಸುಮ್ಮನಾದರೆ: ಬ್ಯಾಟರಿ, ಕೇಬಲ್, ಸೊಲೆನಾಯ್ಡ್, ಸೆಲ್ಫ್ ಇವುಗಳಲ್ಲಿ ಯಾವುದಾದರೂ ಆಗಿರಬಹುದು. ಮುಂದಿನ ಪರೀಕ್ಷೆ ಬೇಕು.

3. ‘ಉಂ... ಉಂ...’ ಎಂದು ನಿಧಾನವಾಗಿ ತಿರುಗಿದರೆ: ಬ್ಯಾಟರಿಯ ಶಕ್ತಿ ಸಾಲದು, ಅರ್ತ್ ಸರಿಯಿಲ್ಲ, ಅಥವಾ ಸೆಲ್ಫ್ ಒಳಗಿನ ಬುಷ್, ಕಾರ್ಬನ್ ಬ್ರಷ್ ಸವೆದಿವೆ.

4. ಸೆಲ್ಫ್ ‘ಝುಯ್’ ಎಂದು ತಿರುಗುತ್ತಿದೆ, ಇಂಜಿನ್ ಅಲುಗುತ್ತಿಲ್ಲ ಎಂದರೆ: ಬೆಂಡಿಕ್ಸ್ ತೊಂದರೆ. ‘ಕರಕರ’ ಎಂದು ತಿಕ್ಕಿದ ಸದ್ದಾದರೆ ಹಲ್ಲುಗಳು ಸವೆದಿರಬಹುದು. ಮತ್ತೆ ಮತ್ತೆ ಹೊಡೆದು ನೋಡಬೇಡಿ.

5. ಇಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ ಎಂದರೆ: ಸೆಲ್ಫ್ ತನ್ನ ಕೆಲಸ ಮಾಡಿದೆ. ತೊಂದರೆ ಡೀಸೆಲ್, ಹೀಟರ್ ಪ್ಲಗ್, ಪೆಟ್ರೋಲ್ ಗಾಡಿಯಾದರೆ ಸ್ಪಾರ್ಕ್ ಮುಂತಾದ ಕಡೆ ಇದೆ.

ಆಮೇಲೆ ದೀಪ ನೋಡಿ

ಹೆಡ್‌ಲೈಟ್ ಹಾಕಿ. ಒಬ್ಬರು ಗೋಡೆಯ ಮೇಲಿನ ಬೆಳಕು ನೋಡಲಿ, ಇನ್ನೊಬ್ಬರು ಕೀ ತಿರುಗಿಸಲಿ. ಬೆಳಕು ಪೂರ್ತಿ ಕುಗ್ಗಿದರೆ ಮೊದಲ ಅನುಮಾನ ಬ್ಯಾಟರಿ ಮತ್ತು ಟರ್ಮಿನಲ್ ಮೇಲೆ. ಬೆಳಕು ಸ್ವಲ್ಪವೂ ಕುಗ್ಗದೆ ಸೆಲ್ಫ್ ತಿರುಗದಿದ್ದರೆ, ಕರೆಂಟ್ ಮೋಟಾರಿಗೆ ಹೋಗುತ್ತಿಲ್ಲ ಎಂದರ್ಥ. ಆಗ ಕೀ ಸ್ವಿಚ್, ರಿಲೇ, ವೈರು, ಸೊಲೆನಾಯ್ಡ್, ಕಾರ್ಬನ್ ಬ್ರಷ್ ಇವುಗಳನ್ನು ನೋಡಿಸಬೇಕು.

ಬ್ಯಾಟರಿ ಮತ್ತು ಕೇಬಲ್

ಬಾನೆಟ್ ಅಥವಾ ಬ್ಯಾಟರಿ ಪೆಟ್ಟಿಗೆ ತೆರೆಯುವ ಮುಂಚೆ ಇಂಜಿನ್ ಆಫ್ ಮಾಡಿ, ಕೈಯ ಉಂಗುರ, ಲೋಹದ ಬಳೆ ತೆಗೆದಿಡಿ. ಕತ್ತಿನ ಸರ ಒಳಗೆ ಸೇರಿಸಿ, ಸೆರಗು ಸಿಕ್ಕಿಸಿಕೊಳ್ಳಿ. ಬ್ಯಾಟರಿಯ ಎರಡು ತುದಿಗೆ ಲೋಹ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾದು ಸುಡುತ್ತದೆ. ಬೆಂಕಿಕಡ್ಡಿ, ಬೀಡಿ ಹತ್ತಿರ ಬರಬಾರದು, ಬ್ಯಾಟರಿಯಿಂದ ಹೊರಡುವ ಗ್ಯಾಸಿಗೆ ಕಿಡಿ ಸಾಕು.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ? ಕ್ಲ್ಯಾಂಪ್ ಕೈಗೆ ಅಲುಗಾಡುತ್ತದೆಯೇ? ಬಹಳ ಗಾಡಿಗಳ ಕಾಯಿಲೆ ಇಷ್ಟೇ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಬ್ರಷ್ ಅದ್ದಿ ತಿಕ್ಕಿ. ಆ ನೀರು ಬ್ಯಾಟರಿಯೊಳಗೆ ಹೋಗದಂತೆ ನೋಡಿಕೊಳ್ಳಿ. ಒರೆಸಿ, ಬಿಗಿ ಮಾಡಿ, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಮೈನಸ್ ಕೇಬಲ್ ಗಾಡಿಯ ಬಾಡಿಗೂ ಇಂಜಿನ್ನಿಗೂ ಸೇರುವ ಜಾಗವೇ ಅರ್ತ್. ಹಳೆಯ ಗಾಡಿಯಲ್ಲಿ ಅಲ್ಲಿ ತುಕ್ಕು ಹಿಡಿದಿರುತ್ತದೆ, ಅದನ್ನೂ ನೋಡಿ.

ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿಯಲ್ಲಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಬಂದರೆ ಚಾರ್ಜ್ ಮಾಡಿಸಬೇಕು. ಚಾರ್ಜ್ ಆದ ಮೇಲೂ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿಗೆ ವಯಸ್ಸಾಗಿರಬಹುದು. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. ಇಲ್ಲದಿದ್ದರೆ ಚಾರ್ಜ್ ಮಾಡುವ ಆಲ್ಟರ್ನೇಟರ್ ನೋಡಿಸಿ.

ಸ್ವಚ್ಛ ವಾಹಿನಿ ಓಡಿಸುವವರಿಗೆ ಒಂದು ಮಾತು. ಮನೆ ಮನೆಗೂ ನಿಲ್ಲಿಸಿ ಪ್ರತಿ ಸಲ ಆಫ್ ಮಾಡಿ ಸೆಲ್ಫ್ ಹೊಡೆದರೆ ಬ್ಯಾಟರಿ ಖರ್ಚಾಗುತ್ತದೆ, ತುಂಬಿಕೊಳ್ಳಲು ಹೊತ್ತು ಸಿಗುವುದಿಲ್ಲ. ಗುಬ್ಬಿಯಿಂದ ತುಮಕೂರಿಗೆ ಒಂದೇ ಓಟ ಹೋಗುವ ಗಾಡಿಗೆ ಈ ತೊಂದರೆ ಕಡಿಮೆ. ಆದ್ದರಿಂದ ನಿಮ್ಮ ಗಾಡಿಯ ಬ್ಯಾಟರಿಯನ್ನು ಆಗಾಗ ಪರೀಕ್ಷೆ ಮಾಡಿಸಿ.

ಮೆಕ್ಯಾನಿಕ್ ಬಳಿ ಹೋದಾಗ

ಮೋಸ ಮಾಡುವವರೇ ಎಲ್ಲ ಎಂದು ನಾವು ಹೇಳುತ್ತಿಲ್ಲ. ಒಳ್ಳೆಯ ಮೆಕ್ಯಾನಿಕ್‌ಗೆ ಸರಿಯಾದ ಪ್ರಶ್ನೆ ಕೇಳಿದರೆ ಬೇಸರವಾಗುವುದಿಲ್ಲ. “ಅಣ್ಣಾ, ಬ್ಯಾಟರಿ, ಟರ್ಮಿನಲ್, ಅರ್ತ್ ನೋಡಿದ್ರಾ? ಬೇರೆ ಒಳ್ಳೆ ಬ್ಯಾಟರಿ ಕೊಟ್ಟು ನೋಡಿದ್ರಾ?” ಎಂದು ಕೇಳಿ. ಸೆಲ್ಫ್ ಬಿಚ್ಚಲೇಬೇಕಾದರೆ, ಬಿಚ್ಚಿದ ಮೇಲೆ ಬ್ಯಾಟರಿ ಕೊಟ್ಟು ನಿಮ್ಮ ಎದುರಿಗೇ ತಿರುಗಿಸಿ ತೋರಿಸಲು ಹೇಳಿ. ಕಾರ್ಬನ್ ಬ್ರಷ್, ಬುಷ್, ಬೆಂಡಿಕ್ಸ್, ಸೊಲೆನಾಯ್ಡ್ ಇವುಗಳನ್ನು ಸಾಮಾನ್ಯವಾಗಿ ಬಿಡಿಬಿಡಿಯಾಗಿ ಬದಲಾಯಿಸಬಹುದು. ಒಳಗಿನ ವೈಂಡಿಂಗ್ ಸುಟ್ಟಿದ್ದರೆ ಮಾತ್ರ ರೀವೈಂಡಿಂಗ್ ಅಥವಾ ಹೊಸದರ ಮಾತು. ತಣ್ಣಗಿದ್ದಾಗ ಸ್ಟಾರ್ಟ್ ಆಗಿ, ದೂರ ಓಡಿ ಬಿಸಿಯಾದಾಗ ಮಾತ್ರ ಹಠ ಮಾಡಿದರೆ ಅದನ್ನೂ ತಪ್ಪದೆ ಹೇಳಿ. ಸೆಲ್ಫ್ ಕಡೆಯ ತೊಂದರೆಗೆ ಅದೊಂದು ಗುರುತು. ತೆಗೆದ ಹಳೆಯ ಭಾಗ ಮತ್ತು ಬಿಲ್ಲು ಎರಡನ್ನೂ ಕೇಳಿ ಪಡೆಯಿರಿ.

ಇವನ್ನು ಮಾಡಬೇಡಿ

– ಒಂದೇ ಸಮನೆ ಸೆಲ್ಫ್ ಹೊಡೆಯಬೇಡಿ. 10 ಸೆಕೆಂಡ್ ಮೀರದಿರಲಿ, ನಡುವೆ ಒಂದು ನಿಮಿಷ ಬಿಡಿ. ಇಲ್ಲದಿದ್ದರೆ ಸರಿಯಿದ್ದ ಸೆಲ್ಫ್ ಕೂಡ ಸುಟ್ಟುಹೋಗುತ್ತದೆ.

– ಗಾಡಿಯ ಕೆಳಗೆ ನುಗ್ಗಿ ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸಿ ಸ್ಟಾರ್ಟ್ ಮಾಡುವುದು ಬೇಡ. ಗೇರಿನಲ್ಲಿದ್ದರೆ ಗಾಡಿ ಮೈಮೇಲೆ ಬರುತ್ತದೆ.

– ಹೆದ್ದಾರಿಯಲ್ಲಿ, ಇಳಿಜಾರಿನಲ್ಲಿ ಮಕ್ಕಳಿಂದ ಗಾಡಿ ತಳ್ಳಿಸಬೇಡಿ.

– ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಕೇಬಲ್ ಬಿಚ್ಚಬೇಡಿ. ಆಲ್ಟರ್ನೇಟರ್, ಎಲೆಕ್ಟ್ರಾನಿಕ್ ಭಾಗಗಳು ಹಾಳಾಗುತ್ತವೆ.

ಮುಂದಿನ ಸಭೆಗೆ ಗಾಡಿಯಿರುವ ಸದಸ್ಯೆಯರು ಗಾಡಿ ತನ್ನಿ. ಸದ್ದು ಕೇಳುವುದು, ದೀಪ ನೋಡುವುದು, ಟರ್ಮಿನಲ್ ಬಿಗಿ ಮಾಡುವುದು ಈ ಮೂರನ್ನೂ ಎಲ್ಲರೂ ಕೈಯಾರೆ ಮಾಡಿ ನೋಡಿ. ಇನ್ನು ಮುಂದೆ ಗಾಡಿ ರಿಪೇರಿಗೆಂದು ಯಾರಾದರೂ ಸಾಲ ಕೇಳಿದರೆ, ನಡಾವಳಿ ಪುಸ್ತಕದಲ್ಲಿ ಮೊತ್ತದ ಜೊತೆಗೆ “ಬ್ಯಾಟರಿ, ಟರ್ಮಿನಲ್, ಅರ್ತ್ ನೋಡಲಾಗಿದೆ” ಎಂಬ ಒಂದು ಸಾಲನ್ನೂ ಬರೆಯಿರಿ. ವಾರ ವಾರ ಹತ್ತಿಪ್ಪತ್ತು ರೂಪಾಯಿಯಂತೆ ಕೂಡಿಟ್ಟ ಹಣ ಕಾಯುವುದಕ್ಕೆ ಆ ಒಂದು ಸಾಲು ಬಹಳ ಸಲ ಸಾಕಾಗುತ್ತದೆ.