ಕಾದಂಬರಿಗೆ ಮುನ್ನ ಒಂದು ನೋಟ್‌ಬುಕ್

ಸಹೋದರಿ, ನಿಮ್ಮೊಳಗೂ ಒಂದು ಕಥೆ ಇದೆಯಲ್ಲವೇ? ರೊಟ್ಟಿ ಬೇಯಿಸುವಾಗ ಎರಡು ಸಾಲು ಹೊಳೆಯುತ್ತವೆ, ಒಲೆ ಆರಿಸುವಷ್ಟರಲ್ಲಿ ಮರೆತು ಹೋಗುತ್ತವೆ.

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶಕ್ಕೆ ಪ್ಯಾಕಿಂಗ್ ಕೆಲಸಕ್ಕೆ ಹೋಗುವ ಸಹೋದರಿಯೊಬ್ಬಳು ರಮಝಾನ್‌ಗೆ ಕೆಲವು ದಿನಗಳ ಮೊದಲು ನನ್ನ ಬಳಿ ಬಂದಳು. ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿನಿ. ಕೈಯಲ್ಲಿ ಇನ್ನೂರು ಪುಟಗಳ ನೋಟ್‌ಬುಕ್, ಅದರಲ್ಲಿ ನಲವತ್ತು ಪುಟ ತುಂಬಿತ್ತು. ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಮಕ್ಕಳನ್ನು ಸಾಕಿದ ತಾಯಿಯ ಕಥೆ. "ಮುಂದೆ ಹೋಗುತ್ತಿಲ್ಲ" ಎಂದಳು.

ಓದಿ ನೋಡಿದೆ. ಮೂವತ್ತು ಪುಟ ಬರೀ ಮದುವೆಯ ವರ್ಣನೆ! "ಈ ತಾಯಿಗೆ ಏನು ಬೇಕು?" ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಮಗಳು ಹತ್ತನೇ ತರಗತಿ ಮುಗಿಸಬೇಕು" ಎಂದಳು. ಹಾಗಾದರೆ ಕಥೆ ಅಲ್ಲಿಂದಲೇ ಶುರುವಾಗಬೇಕಲ್ಲವೇ? ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ನೋಡಿ. ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಆ ಕೃತಿಯ ಭಾರವೆಲ್ಲ ನಿಂತಿರುವುದು ತಲಾಖ್ ಆದ ನಾದಿರಾ ಗಂಡನ ಬಳಿಗೆ ಮರಳುವುದು ಹೇಗೆ ಎಂಬ ಒಂದೇ ಪ್ರಶ್ನೆಯ ಮೇಲೆ. ಅವರ ನಿಲುವುಗಳನ್ನು ಒಪ್ಪದವರು ನಮ್ಮಲ್ಲಿದ್ದಾರೆ. ಆದರೆ ಆ ಕಟ್ಟುವಿಕೆಯಿಂದ ಕಲಿಯಲು ಅದು ಅಡ್ಡಿಯಾಗಬೇಕಿಲ್ಲ.

ಪವಿತ್ರ ಕುರ್‌ಆನಿನ ಯೂಸುಫ್ ಅಧ್ಯಾಯವನ್ನು ನಾವೆಲ್ಲ ಓದುತ್ತೇವೆ. ಅದನ್ನು ಯಾವ ಕಾದಂಬರಿಗೂ ಹೋಲಿಸಲಾಗದು. ಆದರೂ ಗಮನಿಸಿ: ಮೊದಲಲ್ಲಿ ಕಂಡ ಹನ್ನೊಂದು ನಕ್ಷತ್ರಗಳ ಕನಸು ಕೊನೆಯಲ್ಲಿ ನನಸಾಗುತ್ತದೆ. ಅಂಗಿ ಮೂರು ಬಾರಿ ಬರುತ್ತದೆ. ಒಮ್ಮೆ ಸುಳ್ಳು ರಕ್ತದೊಂದಿಗೆ, ಒಮ್ಮೆ ಹಿಂದಿನಿಂದ ಹರಿದು, ಕೊನೆಗೆ ತಂದೆಯ ಕಣ್ಣಿಗೆ ಬೆಳಕಾಗಿ. ಮದ್ರಸದಲ್ಲಿ ಎಷ್ಟೋ ವರ್ಷ ಓದಿಯೂ ನನಗೆ ಇದು ಹೊಳೆದದ್ದು ತಡವಾಗಿಯೇ.

ಭಟ್ಟಿಯ ಬಗ್ಗೆ ಅವಳು ಎರಡೇ ಸಾಲು ಬರೆದಿದ್ದಳು. "ಎಲ್ಲರಿಗೂ ಗೊತ್ತಿರುವುದೇ" ಎಂದಳು. ದಾವಣಗೆರೆಯವರಿಗೆ ಗೊತ್ತು, ಉಡುಪಿಯವರಿಗೆ ಗೊತ್ತೇ? ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದು, ಉಪ್ಪು ಹಚ್ಚಿದ ಅಕ್ಕಿ ಕಾದ ಮರಳಲ್ಲಿ ಅರಳುವುದನ್ನು ಬರೆ. ಉರಿ ಹಾಕುವುದು ಎಷ್ಟು ಗಂಟೆಗೆ, ಹೊಗೆ ಕಣ್ಣನ್ನು ಏನು ಮಾಡುತ್ತದೆ, ಎಲ್ಲವನ್ನೂ ಮೊದಲು ಪಟ್ಟಿ ಮಾಡು ಎಂದೆ. 1988ರಲ್ಲಿ ನೊಬೆಲ್ ಪಡೆದ ಈಜಿಪ್ಟಿನ ನಜೀಬ್ ಮಹ್‌ಫೂಝ್ ಸರಕಾರಿ ನೌಕರಿಯಲ್ಲಿದ್ದುಕೊಂಡೇ ಬರೆದವರು. ಕೈರೋದ ಕುಟುಂಬವೊಂದರ ಮೂರು ಸಂಪುಟಗಳ ಕಥೆಗೆ ಅವರು ಪ್ರತಿ ಪಾತ್ರಕ್ಕೂ ಒಂದು ಕಡತ ಇಟ್ಟಿದ್ದರು. ನಮಗೆ ಪಾತ್ರಕ್ಕೊಂದು ಪುಟ ಸಾಕು.

ಇಷ್ಟರವರೆಗೆ ಎಲ್ಲವೂ ಸುಲಭ. ಕಷ್ಟವಾದದ್ದು ಮೂವತ್ತೆರಡನೇ ಪುಟ. ಅಲ್ಲಿ ಅವಳ ಚಿಕ್ಕಮ್ಮನ ತಲಾಖ್ ಪ್ರಸಂಗ ನಡೆದಂತೆಯೇ ಇತ್ತು, ಗಲ್ಲಿಯ ಹೆಸರಿನ ಸಮೇತ. ಚಿಕ್ಕಮ್ಮ ಅದೇ ಗಲ್ಲಿಯಲ್ಲಿದ್ದಾರೆ, ಅವರ ಮಗಳಿಗೆ ಸಂಬಂಧ ನೋಡುತ್ತಿದ್ದಾರೆ. ಇದು ಗೀಬತ್ ಆಗುವುದಿಲ್ಲವೇ ಎಂದೆ.

ಅವಳಿಗೆ ಸಿಟ್ಟು ಬಂತು. "ಹಾಗಾದರೆ ಅನ್ಯಾಯವನ್ನು ಬರೆಯಲೇಬಾರದೇ?"

ತಕ್ಷಣ ನನ್ನಲ್ಲಿ ಉತ್ತರವಿರಲಿಲ್ಲ. ಇನ್ನೊಬ್ಬರ ತಪ್ಪನ್ನು ಹೇಳಲು ಅನುಮತಿಯಿರುವ ಆರು ಸಂದರ್ಭಗಳನ್ನು ಇಮಾಮ್ ನವವಿ(ರ) ಎಣಿಸಿದ್ದಾರೆ. ಅನ್ಯಾಯಕ್ಕೊಳಗಾದವರ ದೂರು ಅದರಲ್ಲೊಂದು. ಆದರೆ ದೂರು ಕೊಡಬೇಕಾದದ್ದು ನ್ಯಾಯ ಕೊಡಬಲ್ಲವರಿಗೆ. ಕಾದಂಬರಿಯನ್ನು ಓದುವವರು ಪಕ್ಕದ ಮನೆಯವರು! ಕೊನೆಗೆ ಇಬ್ಬರೂ ಕುಳಿತು ಊರು ಬದಲಾಯಿಸಿದೆವು, ಕಸುಬು ಬದಲಾಯಿಸಿದೆವು, ಮಕ್ಕಳ ಸಂಖ್ಯೆ ಬದಲಾಯಿಸಿದೆವು. ಆ ಹೆಣ್ಣು ಬಾಗಿಲಲ್ಲಿ ನಿಂತ ರಾತ್ರಿಯನ್ನು ಮಾತ್ರ ಮುಟ್ಟಲಿಲ್ಲ. ಅದು ಯಾರದೂ ಆಗಬಹುದಾದ ರಾತ್ರಿ.

ಈಗ ಅವಳ ಕಥೆಯ ಚಿಕ್ಕಮ್ಮ ಹರಿಹರದಲ್ಲಿ, ತುಂಗಭದ್ರೆಯ ದಡದಲ್ಲಿ ಬೀಡಿ ಕಟ್ಟುತ್ತಾಳೆ. ರಜೆಯ ದಿನ ಅವಳು ಅಲ್ಲಿಗೆ ಹೋಗಿ ಬೀದಿಗಳನ್ನು ನೋಡಿಕೊಂಡು ಬಂದಳು. ನೋಟ್‌ಬುಕ್ ತಿರುಗಿಸಿ ಹಿಂದಿನ ಕಡೆಯಿಂದ ಪಾತ್ರಗಳ ಪುಟ ಶುರು ಮಾಡಿದ್ದಾಳೆ. ಹದಿನೇಳು ಪುಟ ಆಗಿದೆಯಂತೆ. ಕಾದಂಬರಿಯ ಮೊದಲ ಸಾಲು ಇನ್ನೂ ಬರೆದಿಲ್ಲ, ಅವಸರವೂ ಇಲ್ಲ ಎನ್ನುತ್ತಾಳೆ.