ಚಿತ್ರಶಾಲೆಯ ಬಾಗಿಲಲ್ಲಿ ದಲಿತ ವಿಮರ್ಶೆ

ದಲಿತ ವಿಮರ್ಶೆ ಎಂದಾಕ್ಷಣ ನಾವು ಕವಿತೆ, ಕಥೆ, ಆತ್ಮಕಥೆಗಳನ್ನು ಎದುರಿಗಿಟ್ಟುಕೊಂಡು ಕೂರುತ್ತೇವೆ. ಇದಕ್ಕೆ ಕಾರಣವೂ ಇದೆ. 1973ರಲ್ಲಿ ಬಿ. ಬಸವಲಿಂಗಪ್ಪನವರು ಎತ್ತಿದ ಬೂಸಾ ಪ್ರಶ್ನೆ ಸಾಹಿತ್ಯವನ್ನು ಕುರಿತದ್ದು. ಅದರ ಬಿಸಿಯಲ್ಲಿ ಹುಟ್ಟಿದ ಸಂಘಟನೆ, ಹಾಡು, ಬರಹಗಳೆಲ್ಲ ಅಕ್ಷರವನ್ನೇ ಅಖಾಡ ಮಾಡಿಕೊಂಡವು. ಆದರೆ ಕಣ್ಣಿಗೆ ಕಾಣುವ ಸಂಸ್ಕೃತಿಯೊಂದಿದೆ: ಚಿತ್ರ, ಶಿಲ್ಪ, ಗಾಜಿನ ಪೆಟ್ಟಿಗೆಯೊಳಗಿನ ಕತ್ತಿ, ಗೊಂಬೆ, ಮಡಕೆ. ಅದನ್ನು ಸರ್ಕಾರದ ದುಡ್ಡಿನಲ್ಲಿ ಜೋಪಾನ ಮಾಡಿ, 'ಇದು ನಿಮ್ಮ ಪರಂಪರೆ, ಬನ್ನಿ ನೋಡಿ' ಅನ್ನುವ ಚಿತ್ರಶಾಲೆಗಳಿವೆ. ಅಲ್ಲಿ ಯಾರು ಯಾರಿಗೆ ಏನು ಹೇಳುತ್ತಾರೆ ಎಂಬುದನ್ನು ನಾವು ವಿಮರ್ಶೆಯ ವಿಷಯವೆಂದೇ ತಿಳಿದಿಲ್ಲ. ಈ ಲೇಖನ ಆ ಕಡೆಗೆ ಒಂದು ಪ್ರವೇಶ ಮಾತ್ರ. ನಾನು ಕಲಾವಿಮರ್ಶಕನಲ್ಲ, ಹಿರಿಯೂರಿನಲ್ಲಿ ಕನ್ನಡ ಪಾಠ ಹೇಳುವವನು.

1

ಎರಡು ವರ್ಷದ ಹಿಂದೆ ಬಿ.ಎ. ಹುಡುಗರನ್ನು ಬೆಂಗಳೂರಿನ ಒಂದು ಗ್ಯಾಲರಿಗೆ ಕರೆದುಕೊಂಡು ಹೋಗಿದ್ದೆ. ಮೂವತ್ತೆರಡು ಜನ, ಒಂದು ಬಾಡಿಗೆ ಬಸ್ಸು, ನೂರರವತ್ತು ಕಿಲೋಮೀಟರ್ ದಾರಿ, ಪ್ಲಾಸ್ಟಿಕ್ ಕವರಿನಲ್ಲಿ ಚಿತ್ರಾನ್ನ. ಬಾಗಿಲಲ್ಲಿ ಯಾರೂ ನಮ್ಮ ಜಾತಿ ಕೇಳಲಿಲ್ಲ. ಅದನ್ನು ಮೊದಲು ಹೇಳಿಬಿಡಬೇಕು, ಯಾಕೆಂದರೆ ಅದು ಸಣ್ಣ ವಿಷಯವಲ್ಲ.

ಒಳಗೆ ವಿವರಣೆ ಕೊಡುವ ಮೇಡಂ ಒಬ್ಬರು ಬಂದರು. ಒಳ್ಳೆಯವರೇ. ಇಂಗ್ಲಿಷಿನಲ್ಲಿ ಶುರು ಮಾಡಿ, ನಮ್ಮ ಮುಖ ನೋಡಿ ಕನ್ನಡಕ್ಕೆ ಬಂದರು. ತೊಗಲುಗೊಂಬೆಗಳ ಮುಂದೆ ನಿಂತು, 'ಚರ್ಮದೊಳಗಿಂದ ಬೆಳಕು ಹೇಗೆ ತೂರಿ ಬರುತ್ತೆ, ಯಾರಾದರೂ ಹೇಳ್ತೀರಾ?' ಎಂದು ಕೇಳಿದರು. ಯಾರೂ ಉಸಿರೆತ್ತಲಿಲ್ಲ. ಅವರು 'ಅದೇ ನಮ್ಮ ಅನಾಮಿಕ ಜನಪದ ಕಲಾವಿದರ ಜಾದೂ' ಅಂದು ಮುಂದಕ್ಕೆ ಹೋದರು.

ವಾಪಸು ಬರುವಾಗ ಸಿರಾ ದಾಟಿದ ಮೇಲೆ ಒಬ್ಬ ಹುಡುಗ ನನ್ನ ಪಕ್ಕ ಬಂದು ಕುಂತ. ಎಲ್ಲರೂ ನಿದ್ದೆಯಲ್ಲಿದ್ದರು. ತಗ್ಗಿದ ದನಿಯಲ್ಲಿ ಹೇಳಿದ: 'ಸಾ, ಅದು ಜಾದೂ ಅಲ್ಲ. ಹದ ಮಾಡಿದ ಚರ್ಮದಾಗೆ ಬೆಳಕು ಬರಾದಿಲ್ಲ. ಹಸೀ ಚರ್ಮ ನೆನೆಹಾಕಿ, ಕೂದ್ಲು ಹೆರೆದು, ಬಿಗಿದು ಕಟ್ಟಿ ಒಣಗಿಸಬೇಕು. ಆವಾಗ ಗಾಜಿನಂಗೆ ಆಗ್ತೈತೆ. ನಮ್ಮಜ್ಜ ತಮಟೆಗೆ ಹಂಗೇ ಮಾಡ್ತಿತ್ತು.'

'ಅಲ್ಲೇ ಯಾಕೆ ಹೇಳಲಿಲ್ಲಪ್ಪಾ?'

'ಹೇಳಿದ್ರೆ ಗೊತ್ತಾಗ್ತಿತ್ತಲ್ಲ ಸಾ.'

ಏನು ಗೊತ್ತಾಗುತ್ತಿತ್ತು ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಯಾಕೆಂದರೆ ಆ ಪ್ರಶ್ನೆಯ ಉತ್ತರ ನನಗೂ ಗೊತ್ತಿತ್ತು. ಹೊಳಲ್ಕೆರೆ ಕಡೆಯ ನಮ್ಮ ಕೇರಿಯಲ್ಲಿ ಬಿಸಿಲಿಗೆ ಬಿಗಿದಿಟ್ಟ ಚರ್ಮ ನೋಡಿಕೊಂಡೇ ಬೆಳೆದವನು ನಾನು. ಮೂವತ್ತೆರಡು ಜನರ ಮೇಷ್ಟ್ರಾಗಿ ಅಲ್ಲಿ ನಿಂತಿದ್ದೆ. ನಾನೂ ಬಾಯಿ ಬಿಡಲಿಲ್ಲ.

2

ಚಿತ್ರಶಾಲೆಯೆಂದರೆ ಗೋಡೆಗೆ ಚಿತ್ರ ನೇತುಹಾಕಿದ ಕಟ್ಟಡ ಎಂದಷ್ಟೇ ನಮ್ಮಲ್ಲಿ ಅನೇಕರ ತಿಳಿವಳಿಕೆ. ವಾಸ್ತವದಲ್ಲಿ ಅದರ ಜೀವ ಇರುವುದು ಮೂರು ಕೆಲಸಗಳಲ್ಲಿ: ಮಾತು, ಸುತ್ತಾಟ, ಕಮ್ಮಟ. ಬೆಂಗಳೂರಿನ ಮಾಣಿಕ್ಯವೇಲು ಭವನದಲ್ಲಿ 2009ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯೂ ಇಂಥ ಕೆಲಸಗಳನ್ನು ಮಾಡುತ್ತ ಬಂದಿದೆ.

ಮಾತು ಎಂದರೆ ಉಪನ್ಯಾಸ, ಸಂವಾದ. ಕಲಾವಿದನೋ ವಿದ್ವಾಂಸನೋ ಬಂದು ಒಂದು ಕೃತಿ, ಒಂದು ಕಾಲ, ಒಂದು ಪಂಥದ ಬಗ್ಗೆ ಹೇಳುವುದು. ಯಾರನ್ನು ಕರೆಯಬೇಕು ಎಂಬ ತೀರ್ಮಾನದಲ್ಲೇ ಅರ್ಧ ರಾಜಕಾರಣ ಮುಗಿದಿರುತ್ತದೆ.

ಸುತ್ತಾಟ ಎಂದರೆ ವಿವರಣೆಕಾರರೊಂದಿಗೆ ಕೃತಿಯಿಂದ ಕೃತಿಗೆ ನಡೆಯುವುದು. 1907ರಲ್ಲಿ ಅಮೆರಿಕದ ಬಾಸ್ಟನ್ ಲಲಿತಕಲಾ ಮ್ಯೂಸಿಯಂ ಇದಕ್ಕಾಗಿಯೇ 'ಡೋಸೆಂಟ್' ಎಂಬ ಕೆಲಸಗಾರರನ್ನು ಇಟ್ಟುಕೊಂಡಿತು. ಲ್ಯಾಟಿನ್ನಿನಲ್ಲಿ ಆ ಮಾತಿನ ಬೇರಿಗೆ ಕಲಿಸು ಎಂದರ್ಥ. ಗೋಡೆಯ ಮೇಲಿರುವ ಎಲ್ಲವನ್ನೂ ಒಂದು ಗಂಟೆಯಲ್ಲಿ ತೋರಿಸಲು ಆಗುವುದಿಲ್ಲ. ಹಾಗಾಗಿ ಐದಾರು ಕೃತಿಗಳ ಮುಂದೆ ನಿಲ್ಲುತ್ತಾರೆ, ಉಳಿದವನ್ನು ದಾಟಿ ಹೋಗುತ್ತಾರೆ. ಎಲ್ಲಿ ನಿಲ್ಲುತ್ತಾರೆ, ಎಲ್ಲಿ ದಾಟುತ್ತಾರೆ ಎಂಬುದೇ ಇಲ್ಲಿ ಪಠ್ಯ. ಪಠ್ಯಪುಸ್ತಕದಲ್ಲಿ ಯಾವ ಪಾಠ ಇದೆ, ಯಾವುದು ಇಲ್ಲ ಎಂದು ಜಗಳ ಮಾಡುವ ನಾವು ಇದನ್ನು ಗಮನಿಸಿಯೇ ಇಲ್ಲ.

ಇನ್ನು ಕಮ್ಮಟ. ಹಳೆಯ ಕನ್ನಡದಲ್ಲಿ ಕಮ್ಮಟವೆಂದರೆ ಟಂಕಸಾಲೆ, ಲೋಹ ಕಾಯಿಸಿ ನಾಣ್ಯ ಒತ್ತುವ ಜಾಗ. ಕಾವ್ಯ ಕಮ್ಮಟ, ಕಥಾ ಕಮ್ಮಟ ಎಂದು ನಾವದನ್ನು ಮಾತಿನ ಚಾವಡಿ ಮಾಡಿಕೊಂಡೆವು. ಗ್ಯಾಲರಿಯ ಕಮ್ಮಟ ಹಳೆಯ ಅರ್ಥಕ್ಕೆ ಹತ್ತಿರ. ಅಲ್ಲಿ ಕೈ ಮಸಿಯಾಗಬೇಕು. ನೋಡುವವನು ಮಾಡುವವನಾಗಬೇಕು.

ಈ ಮೂರೂ ನಮಗೆ ಹೊಸವೇನಲ್ಲ. ದಲಿತ ಸಂಘರ್ಷ ಸಮಿತಿಯ ಅಧ್ಯಯನ ಶಿಬಿರ, ಜಾಥಾ, ಹಾಡಿನ ಕಮ್ಮಟ ಇವೇ ಅಲ್ಲವೆ? ಅದರ ಸ್ಥಾಪಕರಲ್ಲಿ ಪ್ರಮುಖರಾದ ಬಿ. ಕೃಷ್ಣಪ್ಪನವರು ಹುಟ್ಟಿದ ಹರಿಹರ 1997ರವರೆಗೂ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 'ಶಿವಸಂಚಾರ' ಅದೇ 1997ರಿಂದ ನಾಟಕಗಳನ್ನು ಹೊತ್ತು ಊರೂರು ತಿರುಗುತ್ತಿದೆ. ಹಾಡು ಬಂತು, ನಾಟಕ ಬಂತು. ಚಿತ್ರ ಮಾತ್ರ ನಮ್ಮ ಹಟ್ಟಿಗೆ ಕ್ಯಾಲೆಂಡರಿನ ಮೂಲಕವೇ ಬಂದದ್ದು.

3

ನಮ್ಮ ಸೀಮೆಯಲ್ಲಿ ಚಿತ್ರ ಇರಲಿಲ್ಲ ಎಂದಲ್ಲ. ಹಿರಿಯೂರಿನ ತೇರುಮಲ್ಲೇಶ್ವರ ದೇವಾಲಯದ ಚಾವಣಿಯಲ್ಲಿ ಪುರಾಣದ ಕಥೆಗಳನ್ನು ಬಣ್ಣದಲ್ಲಿ ಬರೆದಿದ್ದಾರೆ. ನಾಡಿನ ಹಳೆಯ ವರ್ಣಚಿತ್ರಗಳ ಮಾತು ಬಂದಾಗ ಅವುಗಳ ಹೆಸರೂ ಬರುತ್ತದೆ. ಆದರೆ ಒಂದು ಸರಳ ಪ್ರಶ್ನೆ: ಶತಮಾನಗಳ ಕಾಲ ಗುಡಿಯೇ ಚಿತ್ರಶಾಲೆಯಾಗಿದ್ದ ನಾಡಿನಲ್ಲಿ, ಗುಡಿಯ ಹೊರಗೆ ನಿಂತವರಿಗೆ ಚಾವಣಿ ಕಾಣುವುದು ಹೇಗೆ? ಇನ್ನೊಂದು ಊರಿನ ಮಾತು ಹೇಳುತ್ತೇನೆ. ನಮ್ಮವ್ವ ತನ್ನ ತವರಿನ ಗುಡಿಯ ತೇರಿಗೆ ಅರವತ್ತು ವರ್ಷ ಬಾಳೆಹಣ್ಣು ಎಸೆದಿದ್ದಾಳೆ. ಆ ಗುಡಿಯೊಳಗೆ ಏನು ಬರೆದಿದೆ ಎಂದು ಕೇಳಿದರೆ, 'ಅದ್ಯಾಕೆ ನಮಗೆ, ದೇವ್ರು ಹೊರಗ ಬಂದಾಗ ನೋಡಿದ್ರಾತು' ಅನ್ನುತ್ತಾಳೆ. ಹೊಳಲ್ಕೆರೆಯ ಗಣಪತಿಯನ್ನು ಬಯಲು ಗಣಪತಿ ಅನ್ನುತ್ತಾರೆ. ಮೇಲೆ ಗುಡಿಯ ಚಾವಣಿ ಇಲ್ಲದೆ ಬಯಲಲ್ಲೇ ಕುಂತ ದೊಡ್ಡ ಕಲ್ಲಿನ ಮೂರ್ತಿ. ಅದನ್ನು ನೋಡಿದಾಗಲೆಲ್ಲ ನನಗೆ ಅನ್ನಿಸುವುದು, ಎಲ್ಲರ ಕಣ್ಣಿಗೂ ಬೀಳುವಂತೆ ಇಟ್ಟ ಶಿಲ್ಪಕ್ಕೂ, ಆಯ್ದ ಕಣ್ಣುಗಳಿಗೆ ಮಾತ್ರ ತೆರೆದ ಶಿಲ್ಪಕ್ಕೂ ಇರುವ ಅಂತರ ಸೌಂದರ್ಯಶಾಸ್ತ್ರದ್ದಲ್ಲ, ಸಮಾಜಶಾಸ್ತ್ರದ್ದು.

ಈಗ ದುರ್ಗಕ್ಕೆ ಬನ್ನಿ. ಊರಿನಲ್ಲಿ ರಂಗಯ್ಯನ ಬಾಗಿಲಿನ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಪಕ್ಕದ ಚಂದ್ರವಳ್ಳಿಯಲ್ಲಿ 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ಮಾಡಿದರು. ಶಾತವಾಹನರ ನಾಣ್ಯ, ರೋಮಿನ ನಾಣ್ಯ ಎಲ್ಲ ಸಿಕ್ಕವು. ಉತ್ಖನನ ಮಾಡಿಸಿದವರ ಹೆಸರು ನಮಗೆ ಬಾಯಿಪಾಠ. ಗುದ್ದಲಿ ಹಿಡಿದವರ ಹೆಸರು ನಮ್ಮ ಪಾಠಗಳಲ್ಲಿಲ್ಲ. ಮ್ಯೂಸಿಯಂಗಳ ಹೆಸರುಚೀಟಿಗಳನ್ನು ಓದುತ್ತ ಹೋಗಿ. ಯಾವ ರಾಜವಂಶ, ಎಷ್ಟನೇ ಶತಮಾನ, ಯಾವ ಕಲ್ಲು ಇಷ್ಟೇ. ಮಾಡಿದ ಕೈಗೆ ಜಾಗವಿಲ್ಲ.

ಆದರೆ ದುರ್ಗದ ನಿಜವಾದ ಗ್ಯಾಲರಿ ಕೋಟೆಯೇ. ಅಲ್ಲಿನ ಸುತ್ತಾಟದ ತುದಿ ಓಬವ್ವನ ಕಿಂಡಿ. ಗೈಡು ಕಥೆ ಹೇಳುತ್ತಾನೆ: ಹೈದರಾಲಿಯ ದಂಡು, ಕಾವಲುಗಾರ ಮುದ್ದಹನುಮ ಉಣ್ಣಲು ಬಂದದ್ದು, ಕುಡಿಯಲು ನೀರಿಲ್ಲ ಎಂದು ಓಬವ್ವ ಹೊರಟದ್ದು, ಕಿಂಡಿಯಲ್ಲಿ ಸದ್ದು ಕೇಳಿದ್ದು, ಒನಕೆ. ನೆರೆದವರು ಚಪ್ಪಾಳೆ ತಟ್ಟುತ್ತಾರೆ. ಮಕ್ಕಳಿಗೆ ಓಬವ್ವನ ಚಿತ್ರ ಬರೆಯಿರಿ ಅಂದರೆ 1972ರ 'ನಾಗರಹಾವು' ಸಿನಿಮಾದ ಜಯಂತಿಯ ನಿಲುವೇ ಕಾಗದದ ಮೇಲೆ ಬರುತ್ತದೆ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಓಬವ್ವ ಜಯಂತಿ ಮಾಡುತ್ತಿದೆ. ಅವಳು ಛಲವಾದಿ ಸಮುದಾಯದ ಹೆಣ್ಣುಮಗಳು ಎಂಬುದು ದುರ್ಗದ ಸೀಮೆಯ ಜನರ ಬಾಯಲ್ಲಿರುವ ಮಾತು. ನಾನು ಕೇಳಿದ ಗೈಡುಗಳ ಕಥೆಯಲ್ಲಿ ಮಾತ್ರ ಆ ಮಾತು ಒಮ್ಮೆಯೂ ಬರಲಿಲ್ಲ.

ಹೋದ ವರ್ಷ ಕಿಂಡಿಯ ಮುಂದೆ ನಮ್ಮ ಒಬ್ಬ ವಿದ್ಯಾರ್ಥಿನಿ ಗೈಡನ್ನು ಕೇಳಿದಳು: 'ಅಣ್ಣಾ, ಓಬವ್ವ ಯಾವ ಹೊಂಡದ ನೀರು ತರಾಕೆ ಹೋಗಿದ್ಳು?' ಅವನು ಹತ್ತಿರದ ತಣ್ಣೀರು ದೋಣಿಯ ಕಡೆ ಕೈ ತೋರಿಸಿದ. 'ಅಲ್ಲ, ಕೋಟೆಯಾಗೆ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ ಅದಾವಲ್ಲ. ಅವುನ್ನ ಅವಳು ಮುಟ್ಟಬೋದಿತ್ತಾ?' ಗೈಡು ತಬ್ಬಿಬ್ಬಾದ. ನಾನೂ ಆದೆ. ಇದಕ್ಕೆ ದಾಖಲೆಯ ಉತ್ತರ ನನ್ನ ಕೈಯಲ್ಲಿಲ್ಲ. ಆದರೆ ಶೌರ್ಯದ ಕಥೆಯಾಗಿ ನಾವು ಇಷ್ಟು ವರ್ಷ ಕೇಳಿದ್ದು ಮೊದಲು ಒಂದು ನೀರಿನ ಕಥೆ ಎಂದು ಅವತ್ತು ಹೊಳೆಯಿತು. ಒಂದು ಸುತ್ತಾಟ ಮಾಡಬಹುದಾದ ದೊಡ್ಡ ಕೆಲಸ ಇದೇ. ವಸ್ತು ಬದಲಾಗುವುದಿಲ್ಲ, ಕೇಳುವವರು ಬದಲಾದರೆ ಕಥೆ ಬದಲಾಗುತ್ತದೆ.

4

ನೀರಿನ ಮಾತು ಬಂದದ್ದರಿಂದ ಸಂವಿಧಾನಕ್ಕೆ ಹೋಗೋಣ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಿದರು. ಆ ಬೊಗಸೆ ನೀರಿನ ನೆನಪು ಸಂವಿಧಾನದ 15ನೇ ವಿಧಿಯ ಎರಡನೇ ಖಂಡದಲ್ಲಿದೆ ಎಂದು ನಾನು ಓದಿಕೊಳ್ಳುತ್ತೇನೆ. ಅಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಜೊತೆಗೇ ಸರ್ಕಾರದ ಹಣದಿಂದ ಪೂರ್ತಿಯಾಗಿಯೋ ಭಾಗಶಃವೋ ನಡೆಯುವ ಸಾರ್ವಜನಿಕ ತಾಣಗಳ ಮಾತಿದೆ. ಜಾತಿಯ ಕಾರಣಕ್ಕೆ ಅಲ್ಲಿ ಯಾರನ್ನೂ ತಡೆಯುವಂತಿಲ್ಲ. ಸಾರ್ವಜನಿಕ ಗ್ಯಾಲರಿ ಈ ಅರ್ಥದಲ್ಲಿ ಒಂದು ಕೆರೆ. ಅದರ ಏರಿಯ ಮೇಲೆ ನಡೆಯುವ ಹಕ್ಕು ಸಿಕ್ಕಿದೆ. ನೀರಿಗೆ ಇಳಿಯುವ ಹಕ್ಕು, ಅಂದರೆ ಅಲ್ಲಿ ಬಾಯಿಬಿಟ್ಟು ನಮ್ಮ ತಿಳಿವಳಿಕೆಯನ್ನು ನಮ್ಮದೆಂದು ಹೇಳುವ ಹಕ್ಕು, ಇನ್ನೂ ಬಳಕೆಗೆ ಬಂದಿಲ್ಲ. ನಮ್ಮ ಹುಡುಗ ಬಸ್ಸಿನಲ್ಲಿ ಪಿಸುಗುಟ್ಟಿದ್ದು ಅದಕ್ಕೇ.

ಅದು ಸಾರ್ವಜನಿಕವಾಗಿ ಉಳಿಯುವುದೂ ಮುಖ್ಯ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯನ್ನು 2015ರಲ್ಲಿ ಸರ್ಕಾರ ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡಲು ಒಪ್ಪಂದ ಮಾಡಿಕೊಂಡಾಗ, 2016ರಲ್ಲಿ ಕಲಾವಿದರು ಬೀದಿಗಿಳಿದರು. ಆ ಹೋರಾಟ ನಮ್ಮದೂ ಆಗಬೇಕಿತ್ತು. ಕೆ. ವೆಂಕಟಪ್ಪನವರು (1886-1965) ಚಿತ್ರಗಾರ ಮನೆತನದಿಂದ ಬಂದವರು, ಕುಲಕಸುಬಿನಿಂದ ಕಲೆಗೆ ದಾಟಿದವರು. ಆ ದಾಟುವಿಕೆ ಮಾದಿಗರ, ಹೊಲೆಯರ, ಕಿಳ್ಳೇಕ್ಯಾತರ ಕೈಗಳಿಗೆ ಯಾಕೆ ಸಾಧ್ಯವಾಗಲಿಲ್ಲ, ಅವರು ಯಾಕೆ 'ಅನಾಮಿಕ'ರಾಗೇ ಉಳಿದರು ಎಂದು ಅಲ್ಲಿಯೇ ನಿಂತು ಕೇಳಬಹುದು.

5

ಇಲ್ಲಿ ಒಂದು ತಕರಾರಿದೆ. ಹಿರಿಯ ಸಂಗಾತಿಯೊಬ್ಬರು ನನಗೆ ನೇರವಾಗಿ ಹೇಳಿದರು: 'ತಮಟೆ ಬಡಿಯಲ್ಲ, ಸತ್ತ ದನ ಹೊರಲ್ಲ ಅಂತ ಹೋರಾಟ ಮಾಡಿದೋರು ನಾವು. ನೀನು ಅದನ್ನೇ ಕಲೆ ಅಂತ ಮತ್ತೆ ತಲೆ ಮೇಲೆ ಹೊರಿಸ್ತೀಯಾ?' ಈ ಮಾತನ್ನು ಹಗುರಾಗಿ ತಳ್ಳಿಹಾಕಲು ಬಾರದು. ಬಲವಂತದ ದುಡಿಮೆಗೆ ಚಂದದ ಚೌಕಟ್ಟು ಹಾಕಿದರೆ ಅವಮಾನ ಅಲಂಕಾರವಾಗುತ್ತದೆ. ಆದರೆ ಕಸುಬನ್ನು ಬಿಡುವುದು ಬೇರೆ, ಕಸುಬಿನಲ್ಲಿದ್ದ ಅರಿವು ನಮ್ಮದಲ್ಲ ಎಂದು ಬಾಯಿ ಮುಚ್ಚಿಕೊಳ್ಳುವುದು ಬೇರೆ. ಅರಿವನ್ನು ಬಿಟ್ಟುಕೊಟ್ಟರೆ ಅದು 'ಜಾದೂ' ಆಗುತ್ತದೆ, ಮಾಡಿದವನು ಮಾಯವಾಗುತ್ತಾನೆ.

ಅವಮಾನ ಮತ್ತು ಅರಿವು ಎರಡನ್ನೂ ಒಂದೇ ಕಪಾಟಿನಲ್ಲಿ ಇಡಲು ಸಾಧ್ಯವೇ? ಅಮೆರಿಕದ ಕಪ್ಪು ಕಲಾವಿದ ಫ್ರೆಡ್ ವಿಲ್ಸನ್ 1992ರಲ್ಲಿ ಬಾಲ್ಟಿಮೋರಿನ ಒಂದು ಇತಿಹಾಸ ಸಂಗ್ರಹಾಲಯದಲ್ಲಿ ಇದನ್ನು ಮಾಡಿ ತೋರಿಸಿದ. ಹೊಸದೇನನ್ನೂ ತರಲಿಲ್ಲ. ಸಂಗ್ರಹದಲ್ಲೇ ಇದ್ದ ಬೆಳ್ಳಿಯ ಹೂಜಿ, ಲೋಟಗಳ ನಡುವೆ, ಗುಲಾಮರಿಗೆ ತೊಡಿಸುತ್ತಿದ್ದ ಕಬ್ಬಿಣದ ಕೋಳವನ್ನಿಟ್ಟು, ಎರಡಕ್ಕೂ ಸೇರಿಸಿ 'ಲೋಹದ ಕೆಲಸ, 1793-1880' ಎಂದು ಚೀಟಿ ಅಂಟಿಸಿದ. ಅಷ್ಟೆ. ದುರ್ಗದ ಕತ್ತಿಯ ಪಕ್ಕ ಒರೆಯ ಚರ್ಮ ಹೊಲಿದವನ ಉಳಿ, ಒನಕೆಯ ಪಕ್ಕ ಒಂದು ಖಾಲಿ ಕೊಡ ಇಟ್ಟರೆ ಏನಾದೀತು, ಯೋಚಿಸಿ.

ಕಾರ್ಯಕರ್ತರು, ಮೇಷ್ಟ್ರುಗಳು ನಾಳೆಯೇ ಮಾಡಬಹುದಾದ ಕೆಲಸ ಇವು. ಹೋಗುವ ಮೊದಲೇ ಕಾಗದ ಬರೆದು, ಕನ್ನಡದಲ್ಲಿ ವಿವರಣೆ ಬೇಕೆಂದು ಕೇಳಿ. ಅದು ದಯೆಯಲ್ಲ, ಹಕ್ಕು. ಮೂವತ್ತು ಜನರನ್ನು ಎರಡು ಗುಂಪು ಮಾಡಿ. ಗುಂಪು ದೊಡ್ಡದಾದಷ್ಟೂ ಹಿಂದೆ ನಿಲ್ಲುವವರು ನಮ್ಮವರೇ. ವಿವರಣೆಗೆ ಮೊದಲು ಐದು ನಿಮಿಷ ಸುಮ್ಮನೆ ನೋಡಲು ಬಿಡಿ. ನಿಂತ ಕಡೆ ಮೂರು ಪ್ರಶ್ನೆ ಕೇಳಿ: ಇದನ್ನು ಯಾರು ಮಾಡಿದರು, ಯಾರು ನೋಡಿದರು, ಯಾರಿಗೆ ನೋಡಲು ಬಿಡಲಿಲ್ಲ? ಬಂದ ಮೇಲೆ ಹುಡುಗರೇ ಆ ವಸ್ತುಗಳಿಗೆ ಹೊಸ ಹೆಸರುಚೀಟಿ ಬರೆಯಲಿ. ನಮ್ಮ ಕಾಲೇಜಿನಲ್ಲಿ ಇದನ್ನೇ ಒಂದು ದಿನದ ಕಮ್ಮಟ ಮಾಡಿದೆವು. ಖರ್ಚು ಡ್ರಾಯಿಂಗ್ ಹಾಳೆ, ಬಣ್ಣದ ಪೆನ್ನು, ಮಧ್ಯಾಹ್ನದ ಊಟದ್ದು.

ಆ ಕಮ್ಮಟವನ್ನು ನಾನೇ ಶುರು ಮಾಡಿದೆ. ತೊಗಲುಗೊಂಬೆಯ ಒಂದು ಫೋಟೋ ಹಿಡಿದು, 'ಇದರ ಚರ್ಮ ಹೇಗೆ ಗಾಜಿನಂತಾಗುತ್ತೆ ಅಂತ ನನಗೆ ಗೊತ್ತು. ನಮ್ಮ ಕೇರಿಯಲ್ಲಿ ನೋಡಿದ್ದೀನಿ' ಅಂದೆ. ನನ್ನ ದನಿ ನಡುಗಿತು, ಮುಚ್ಚಿಡುವುದೇನು. ಹೇಳುತ್ತ ಹೋದೆ. ನೆನೆಹಾಕುವುದು, ಹೆರೆಯುವುದು, ಬಿಗಿಯುವುದು. ಹಿಂದಿನ ಬೆಂಚಿನಿಂದ ಆ ಬಸ್ಸಿನ ಹುಡುಗ ಎದ್ದು ನಿಂತ.

'ಸಾ, ಒಂದು ಬಿಟ್ರಿ. ನೆಳ್ಳಾಗೆ ಒಣಗಾಕಬೇಕು. ಬಿಸಿಲಿಗಿಟ್ರೆ ಸೀಳ್ತೈತೆ.'

ಬಿಸಿಲಲ್ಲೇ ನೋಡಿದ ನೆನಪು ನನ್ನದು. ತಿದ್ದಿಕೊಂಡೆ.