‘ಚಕ್ ಮಾಡೋದು’ ಅಂದ್ರೆ ನಿಜವಾಗಿ ಏನು?

ಈ ಸಲ ಒಂದೇ ಒಂದು ಪದದ ಬಗ್ಗೆ ಮಾತಾಡ್ತೀನಿ: ಚಕ್ಕಿಂಗ್. ಹಿಂದಿ ಆಡೋ ಗಲ್ಲಿಗಳಲ್ಲಿ ಹುಡುಗರು ಇದನ್ನೇ ‘ಭಟ್ಟಾ’ ಅಂತಾರೆ. ಕ್ಲಾಸಿಗೆ ಚಕ್ಕರ್ ಹೊಡೆಯೋದಕ್ಕೂ ಇದಕ್ಕೂ ಸಂಬಂಧ ಇಲ್ಲ, ಮೊದಲೇ ಹೇಳಿಬಿಡ್ತೀನಿ!

ಕನ್ನಡದಲ್ಲಿ ಒಂದು ತೊಡಕಿದೆ. ನಮ್ಮ ಪತ್ರಿಕೆಗಳು ಬರೆಯೋದು ‘ಕೊನೆಯ ಎಸೆತ’, ‘ಆರು ಎಸೆತಗಳಲ್ಲಿ’ ಅಂತ. ಅಂದ್ರೆ ಸರಿಯಾಗಿ ಬೌಲ್ ಮಾಡಿದ ಚೆಂಡೂ ಎಸೆತವೇ, ಕಲ್ಲು ಬೀರಿದ ಹಾಗೆ ಬೀರಿದ್ದೂ ಎಸೆತವೇ. ಕ್ರಿಕೆಟ್ ನಿಯಮಕ್ಕೆ ಮಾತ್ರ ಇವೆರಡೂ ಬೇರೆ ಬೇರೆ. ಅದಕ್ಕೇ ‘ಚಕ್’ ಅನ್ನೋ ಪದವನ್ನ ನಾವು ಹಾಗೇ ಇಟ್ಟುಕೊಂಡಿದ್ದೀವಿ.

ವ್ಯತ್ಯಾಸ ಇರೋದು ಮೊಣಕೈಯಲ್ಲಿ. ಕೈ ಭುಜದ ಮಟ್ಟಕ್ಕೆ ಬಂದ ಮೇಲೆ, ಚೆಂಡು ಬಿಡೋವರೆಗೆ, ಮಡಚಿದ ಮೊಣಕೈ ನೆಟ್ಟಗಾಗಬಾರದು. ಗಮನಿಸಿ, ಮಡಚಿರೋದು ತಪ್ಪಲ್ಲ, ಆ ಹೊತ್ತಲ್ಲಿ ನೆಟ್ಟಗಾಗೋದು ತಪ್ಪು. ಆದ್ರೆ ಕ್ಯಾಮೆರಾ ಇಟ್ಟು ಅಳೆದಾಗ, ಚೆನ್ನಾಗಿ ಹಾಕ್ತಾರೆ ಅನ್ನಿಸಿಕೊಂಡ ಬೌಲರ್‌ಗಳ ಕೈಯೂ ಅಷ್ಟಿಷ್ಟು ನೆಟ್ಟಗಾಗುತ್ತೆ ಅಂತ ಗೊತ್ತಾಯ್ತು. ಹಾಗಾಗಿ 2005ರಿಂದ ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ 15 ಡಿಗ್ರಿವರೆಗೆ ಎಲ್ಲ ಬೌಲರ್‌ಗಳಿಗೂ ವಿನಾಯಿತಿ ಇದೆ.

ಮುತ್ತಯ್ಯ ಮುರಳೀಧರನ್ ಅವರ ಕಥೆ ಇಲ್ಲೇ ಬರೋದು. ಅವರ ಮೊಣಕೈ ಹುಟ್ಟಿನಿಂದಲೇ ಪೂರ್ತಿ ನೆಟ್ಟಗಾಗೋದಿಲ್ಲ. 1995ರ ಮೆಲ್ಬರ್ನ್ ಟೆಸ್ಟಲ್ಲಿ ಅಂಪೈರ್ ಡ್ಯಾರೆಲ್ ಹೇರ್ ಅವರಿಗೆ ಏಳು ಸಲ ನೋಬಾಲ್ ಕೊಟ್ಟರು. ಆಮೇಲೆ ಪ್ರಯೋಗಾಲಯದಲ್ಲಿ ಪರೀಕ್ಷೆಗಳಾದವು, ಮುರಳಿ ಆಡೋದು ಮುಂದುವರೀತು. 2010ರಲ್ಲಿ 800 ಟೆಸ್ಟ್ ವಿಕೆಟ್ ಪಡೆದು ನಿವೃತ್ತರಾದರು. ಎಲ್ಲರ ಹಣೆಬರಹ ಹಾಗಿರಲಿಲ್ಲ. ಆಸ್ಟ್ರೇಲಿಯಾದ ಇಯಾನ್ ಮೆಕಿಫ್‌ಗೆ 1963ರಲ್ಲಿ ಬ್ರಿಸ್ಬೇನ್‌ನಲ್ಲಿ ಒಂದೇ ಓವರಲ್ಲಿ ನಾಲ್ಕು ನೋಬಾಲ್ ಬಿತ್ತು. ಆ ಪಂದ್ಯಕ್ಕೇ ಅವರ ಆಟ ಮುಗೀತು.

ಇನ್ನು ಬಳಕೆ. ‘ಅವನು ಈ ಬಾಲ್ ಚಕ್ ಮಾಡಿದ’ ಅಂದ್ರೆ ಅದು ಒಂದು ಚೆಂಡಿನ ಮಾತು. ‘ಅವನು ಚಕ್ಕರ್’ ಅಂದ್ರೆ ಆಳಿಗೇ ಮೋಸಗಾರ ಅನ್ನೋ ಹಣೆಪಟ್ಟಿ. ಮೊದಲನೆಯದನ್ನ ತಿದ್ದಬಹುದು, ಎರಡನೆಯದು ಅಂಟಿಕೊಂಡುಬಿಡುತ್ತೆ. ನಿಮ್ಮ ಸೊಸೈಟಿ ಅಂಗಳದಲ್ಲಿ ಹತ್ತು ವರ್ಷದ ಹುಡುಗನಿಗೆ ಯಾರಾದ್ರೂ ಹಾಗಂದ್ರೆ, ಬೈಯೋಕೆ ಮುಂಚೆ ಮೊಬೈಲಲ್ಲಿ ಪಕ್ಕದಿಂದ ಸ್ಲೋ ಮೋಷನ್ ವಿಡಿಯೋ ತೆಗೀರಿ. ಡಿಗ್ರಿ ಲೆಕ್ಕ ಅದರಲ್ಲಿ ಸಿಗಲ್ಲ. ಆದ್ರೆ ಕೈ ಸುಮ್ಮನೆ ಮಡಚಿದೆಯಾ, ಇಲ್ಲಾ ಬೀಸಿ ನೆಟ್ಟಗಾಗ್ತಿದೆಯಾ ಅನ್ನೋದು ಹುಡುಗನಿಗೇ ಕಾಣುತ್ತೆ. ಉಳಿದದ್ದನ್ನ ಕೋಚ್ ನೋಡಿಕೊಳ್ಳಲಿ.